ಕರೆಂಟ್ ಚಾಕು ಬಂದರೂ ಕಟ್ಲಾದ ಮುಳ್ಳು ಹೋಗದು

ಹುಮನಾಬಾದ್, ಬಸವಕಲ್ಯಾಣದ ಕಡೆ ಸಮುದ್ರ ದೂರ. ಹತ್ತಿರ ಇರುವುದು ಕಾರಂಜಾ, ಚುಳಕಿನಾಲಾ ಜಲಾಶಯಗಳು ಮತ್ತು ಊರೂರ ಕೆರೆಗಳು. ಅಲ್ಲಿನ ರೋಹು, ಕಟ್ಲಾ ರುಚಿಗೆ ಕಮ್ಮಿಯಿಲ್ಲ, ತಕರಾರಿರುವುದು ಮುಳ್ಳಿನದು. ಅಮೆರಿಕದವರು ಕರೆಂಟ್ ಚಾಕುವಿನಿಂದ ಅರೆಗಳಿಗೆಯಲ್ಲಿ ಮೀನು ಬಿಡಿಸುವುದನ್ನು ಮೊಬೈಲಿನಲ್ಲಿ ನೋಡಿದವರಿಗೆ, ‘ಇದೊಂದ್ ತಂದ್ರ ಮುಳ್ಳಿನ ಕಾಟ ಮುಗೀತು’ ಅನ್ನಿಸುತ್ತದೆ.

ಮುಗಿಯುವುದಿಲ್ಲ. ಆ ಚಾಕುವಿನಲ್ಲಿ ಗರಗಸದಂಥ ಎರಡು ಅಲಗುಗಳು ಜೋಡಿಯಾಗಿ, ಒಂದು ಮುಂದಾದರೆ ಇನ್ನೊಂದು ಹಿಂದಾಗಿ ಓಡುತ್ತವೆ. ಕಿವಿರಿನ ಹಿಂದೆ ಬೆನ್ನೆಲುಬಿನವರೆಗೆ ಇಳಿಸಿ, ಅಲಗನ್ನು ಬಾಲದ ಕಡೆ ತಿರುಗಿಸಿ, ಎಲುಬಿಗೆ ಒತ್ತಿಕೊಂಡೇ ಸಾಗಬೇಕು. ಬಾಲದ ಹತ್ತಿರ ಪೂರ್ತಿ ಕತ್ತರಿಸದೆ ನಿಲ್ಲಿಸಿ, ಹೋಳನ್ನು ಮಗುಚಿ, ಚರ್ಮ ಬಿಡಿಸಬೇಕು. ಇದರಿಂದ ಬೆನ್ನೆಲುಬು ಬೇರೆಯಾಗುತ್ತದೆ, ಸರಿ. ಆದರೆ ಪಕ್ಕೆಲುಬುಗಳನ್ನು ಚಾಕು ಕೊಯ್ದುಕೊಂಡೇ ಹೋಗುವುದರಿಂದ ಅವು ಹೋಳಿನಲ್ಲೇ ಉಳಿಯುತ್ತವೆ. ಆಮೇಲೆ ಸಣ್ಣ ಚಾಕುವಿನಿಂದ ತೆಗೆಯಬೇಕು. ಇನ್ನು ಗಂಟಲಲ್ಲಿ ಸಿಕ್ಕಿಕೊಳ್ಳುವ ಕವಲೊಡೆದ ಸಣ್ಣ ಮುಳ್ಳುಗಳು ಬೆನ್ನೆಲುಬಿಗೆ ಅಂಟಿಕೊಂಡಿರುವುದೇ ಇಲ್ಲ, ಮಾಂಸದ ಒಳಗೇ ಹುದುಗಿರುತ್ತವೆ. ರೋಹು, ಕಟ್ಲಾ, ಮೃಗಾಲ್ ಜಾತಿಗೆಲ್ಲ ಇದು ಹುಟ್ಟುಗುಣ. ಚಾಕು ಬದಲಾದರೆ ಮೀನಿನ ಮೈಕಟ್ಟು ಬದಲಾಗದು.

ಈ ಮುಳ್ಳಿಗೆ ಇರುವ ಮದ್ದು ಹಳೆಯದು. ಹೋಳಿನ ಮೇಲೆ ಎರಡು-ಮೂರು ಮಿಲಿಮೀಟರ್‌ಗೊಂದರಂತೆ ಅಡ್ಡಗೆರೆ ಕೊಯ್ದು, ಚರ್ಮ ಹರಿಯದಂತೆ ಉಳಿಸಿ, ಕಾದ ಎಣ್ಣೆಯಲ್ಲಿ ಚೆನ್ನಾಗಿ ಕರಿಯುವುದು. ಮುಳ್ಳು ಚೂರಾಗಿ ಗರಿಯಾಗುತ್ತದೆ. ಚರ್ಮದ ಮಟ್ಟಕ್ಕೆ ನಿಲ್ಲಿಸುವ ಈ ಕೆಲಸಕ್ಕೆ ಹರಿತವಾದ ಸಾದಾ ಚಾಕುವೇ ಮೇಲು.

‘ಯಂತ್ರ ಇದ್ದರೆ ಮಾಂಸ ಹಾಳಾಗದು’ ಎಂಬುದೂ ಅರ್ಧಸತ್ಯ. ಕೈ ಪಳಗದಿದ್ದರೆ ಎಲುಬಿನ ಮೇಲೇ ಸಾಕಷ್ಟು ಮಾಂಸ ಉಳಿಯುತ್ತದೆ. ಕಟ್ಲಾದ ತಲೆಯೇ ದೊಡ್ಡದು. ಬರೀ ಹೋಳು ತೆಗೆದರೆ ಮೀನಿನ ತೂಕದ ಅರ್ಧವೂ ಸಿಗದು. ಜೋಳದ ರೊಟ್ಟಿಗೆ ಮೀನಿನ ಸಾರು ಮಾಡುವವರು ತಲೆ, ಎಲುಬು ಬಿಸಾಡಿ ರುಚಿಯನ್ನೇಕೆ ಕಳೆದುಕೊಳ್ಳಬೇಕು? ಸಾರಿನ ತುಂಡಿಗೆ ಸಂತೆಯವರ ಈಳಿಗೆಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಹಾಗಾದರೆ ಕರೆಂಟ್ ಚಾಕು ದಂಡವೇ? ಅಲ್ಲ. ಸಣ್ಣ ಮುಳ್ಳು ಕಡಿಮೆಯಿರುವ ತಿಲಾಪಿಯಾದಂಥ ಮೀನನ್ನು ಒಮ್ಮೆಲೇ ಹತ್ತಿಪ್ಪತ್ತು ಬಿಡಿಸಬೇಕಾದ ಖಾನಾವಳಿಯವರಿಗೆ ಅದು ಕೈನೋವು ಉಳಿಸುತ್ತದೆ. ಮೊಂಡಾಗುವುದಿಲ್ಲ ಎಂದು ಮಾತ್ರ ನಂಬಬೇಡಿ. ಹಲ್ಲಿನ ಅಲಗನ್ನು ಸಾಣೆಕಲ್ಲಿಗೆ ತಿಕ್ಕಿ ಹರಿತ ಮಾಡುವುದು ಕಷ್ಟ, ಅಲಗನ್ನೇ ಬದಲಿಸಬೇಕಾಗುತ್ತದೆ.

ಅಮೆರಿಕದಿಂದ ಯಾರಾದರೂ ತಂದುಕೊಟ್ಟರೆ ಮೊದಲು ಚೀಟಿ ಓದಿ. 120 ವೋಲ್ಟ್‌ನ ಚಾಕುವನ್ನು ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರ ಚುಚ್ಚಿದರೆ ಮೋಟಾರು ಸುಟ್ಟೀತು. ಮೀನು ಹಿಡಿವ ಕೈಗೆ ಕೊಯ್ತ ತಡೆಯುವ ಕೈಗವಸು ಹಾಕಿ. ಅಲಗು ಬಿಚ್ಚುವ ಮುನ್ನ ಪ್ಲಗ್ ಕಿತ್ತಿಡಿ.