ಪಿತ್ತಕೋಶದ ಕಲ್ಲು: ಚಿಕಿತ್ಸಾ ವಿಧಾನಗಳು ಹಾಗೂ ಸರ್ಕಾರಿ ಸೌಲಭ್ಯ

ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವನ್ನು ಶೇಖರಿಸಿಡುವ ಸಣ್ಣ ಚೀಲವೇ ಪಿತ್ತಕೋಶ. ಪಿತ್ತರಸದಲ್ಲಿನ ಕೊಲೆಸ್ಟ್ರಾಲ್ ಅಥವಾ ವರ್ಣದ್ರವ್ಯವು ಗಟ್ಟಿಯಾದಾಗ ಇಲ್ಲಿ ಕಲ್ಲುಗಳು ಉಂಟಾಗುತ್ತವೆ. ಜಿಡ್ಡಿನ ಊಟದ ನಂತರ ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಬಲ ಪಕ್ಕೆಲುಬಿನ ಕೆಳಗೆ ತೀವ್ರ ನೋವು ಕಾಣಿಸಿಕೊಂಡು ಬಲ ಹೆಗಲಿಗೂ ಹರಡುವುದುಂಟು. ಇದನ್ನು ಗ್ಯಾಸ್ಟ್ರಿಕ್ ತೊಂದರೆಯೆಂದು ಭಾವಿಸಿ ವರ್ಷಗಟ್ಟಲೆ ಮಾತ್ರೆ ಸೇವಿಸುವವರು ಅನೇಕರು. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಿಂದ ಕಲ್ಲುಗಳನ್ನು ಸುಲಭವಾಗಿ ಪತ್ತೆ ಹಚ್ಚಬಹುದಾಗಿದೆ.

ಕಲ್ಲು ಇದೆಯೆಂದು ವರದಿ ಬಂದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಅನಿವಾರ್ಯವಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಂಡುಬಂದ, ಯಾವುದೇ ನೋವು ನೀಡದ ಕಲ್ಲುಗಳಿಗೆ ಸಾಮಾನ್ಯವಾಗಿ ಚಿಕಿತ್ಸೆಯ ಅಗತ್ಯವಿರುವುದಿಲ್ಲ. ಆದರೆ ಒಮ್ಮೆ ನೋವು ಕಾಣಿಸಿಕೊಂಡವರಲ್ಲಿ ಅದು ಮರುಕಳಿಸುವ ಸಂಭವ ಹೆಚ್ಚಾಗಿರುವುದರಿಂದ ಪಿತ್ತಕೋಶವನ್ನೇ ತೆಗೆದುಹಾಕುವುದು ಸೂಕ್ತ ಚಿಕಿತ್ಸೆಯಾಗಿರುತ್ತದೆ. ಲ್ಯಾಪರೋಸ್ಕೋಪಿ ವಿಧಾನದಲ್ಲಿ ಮೂರು ಅಥವಾ ನಾಲ್ಕು ಸಣ್ಣ ರಂಧ್ರಗಳ ಮೂಲಕ ಇದನ್ನು ನೆರವೇರಿಸಲಾಗುವುದು. ಬಹುತೇಕ ರೋಗಿಗಳು ಒಂದೆರಡು ದಿನಗಳಲ್ಲಿ ಮನೆಗೆ ಮರಳುತ್ತಾರೆ. ಪಿತ್ತಕೋಶವಿಲ್ಲದೆಯೂ ಪಿತ್ತರಸವು ನೇರವಾಗಿ ಕರುಳನ್ನು ಸೇರುವುದರಿಂದ ಜೀರ್ಣಕ್ರಿಯೆ ಮುಂದುವರಿಯುತ್ತದೆ. ಕೆಲವರಿಗೆ ಕೆಲಕಾಲ ಭೇದಿಯಾಗಬಹುದು.

ಕಲ್ಲು ಕರಗಿಸುವ ಮಾತ್ರೆಯು ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳಿಗೆ ಮಾತ್ರ ಉಪಯುಕ್ತ. ಅದನ್ನು ತಿಂಗಳುಗಟ್ಟಲೆ ಸೇವಿಸಬೇಕು ಮತ್ತು ನಿಲ್ಲಿಸಿದ ನಂತರ ಕಲ್ಲುಗಳು ಪುನಃ ಉಂಟಾಗಬಹುದು. ಮೂತ್ರಪಿಂಡದ ಸಣ್ಣ ಕಲ್ಲು ಮೂತ್ರದೊಡನೆ ಹೊರಹೋಗುವಂತೆ ಪಿತ್ತಕೋಶದ ಕಲ್ಲು ಹೋಗಲಾರದು. ಬಾಳೆದಿಂಡು ಊಟಕ್ಕೆ ಒಳ್ಳೆಯದೇ, ಆದರೆ ಈ ಕಲ್ಲಿಗೆ ಅದು ಮದ್ದಲ್ಲ.

ಜ್ವರ, ಚಳಿ, ಕಣ್ಣು ಹಳದಿಯಾಗುವಿಕೆ, ನಿಲ್ಲದ ವಾಂತಿ ಅಥವಾ ಬೆನ್ನಿಗೆ ಹರಡುವ ತೀವ್ರ ನೋವು ಕಂಡುಬಂದಲ್ಲಿ ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಕಲ್ಲು ಪಿತ್ತನಾಳಕ್ಕೆ ಜಾರಿದಲ್ಲಿ ಸೋಂಕು, ಕಾಮಾಲೆ ಮತ್ತು ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಿ ಪ್ರಾಣಾಪಾಯ ಸಂಭವಿಸಬಹುದು. ನಾಳದಲ್ಲಿರುವ ಕಲ್ಲನ್ನು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆಯಲಾಗುವುದು.

ಕರ್ನಾಟಕದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿರುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಭರಿಸಲಾಗುವುದು. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ನೋಂದಾಯಿಸಿಕೊಳ್ಳತಕ್ಕದ್ದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ವೈದ್ಯರಿಂದ ರೆಫರಲ್ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳಬಹುದು. ಪತ್ರವಿಲ್ಲದೆ ನೇರವಾಗಿ ದಾಖಲಾಗಿ, ಬಿಲ್ಲು ಪಾವತಿಸಿದ ನಂತರ ವಿಚಾರಿಸುವುದರಿಂದ ಪ್ರಯೋಜನವಾಗದು. ತುರ್ತು ಸಂದರ್ಭಗಳಿಗೆ ಮಾತ್ರ ರೆಫರಲ್ ಪತ್ರದಿಂದ ವಿನಾಯಿತಿ ಇರುತ್ತದೆ.