ಅಟ್ಟದ ಮೇಲಿನ ರೆಕಾರ್ಡು: ತಪ್ಪು ಕಲ್ಪನೆ ಮತ್ತು ಸತ್ಯ

ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಮರಾಠಿ ನಾಟ್ಯಗೀತೆಯೂ ಹುಬ್ಬಳ್ಳಿ-ಧಾರವಾಡದ ಹಿಂದುಸ್ತಾನಿ ಗಾಯನವೂ ಕಾರವಾರ, ಅಂಕೋಲೆಗೆ ಅಕ್ಕಪಕ್ಕದ ಸಂಗೀತವೇ. ಇಲ್ಲಿನ ಹಳೆಯ ಮನೆಯೊಂದರ ಅಟ್ಟದಲ್ಲಿ ರೆಕಾರ್ಡುಗಳ ಕಟ್ಟು ಸಿಕ್ಕರೆ, ಗುಜರಿಗೆ ಹಾಕುವ ಮುನ್ನ ಇಷ್ಟು ತಿಳಿದಿರಲಿ.

ತಪ್ಪು ಕಲ್ಪನೆ: ಹಳೆಯ ರೆಕಾರ್ಡುಗಳೆಲ್ಲ ಒಂದೇ ಬಗೆ.
ಸತ್ಯ: ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆ ಅರಗಿನದು. ತೂಕ ಹೆಚ್ಚು, ಕೈಜಾರಿದರೆ ಚೂರು. ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟೇ ಹಾಡು. ಗಂಗೂಬಾಯಿ ಹಾನಗಲ್ ‘ಗಾಂಧಾರಿ’ ಎಂಬ ಹೆಸರಿನಲ್ಲಿ, ಮಲ್ಲಿಕಾರ್ಜುನ ಮನ್ಸೂರರು ತಮ್ಮ ಯೌವನದಲ್ಲಿ ಹಾಡಿದ್ದು ಇಂಥ ತಟ್ಟೆಗಳಿಗೆ. ರಾಗವೊಂದರ ಸಾರವನ್ನು ಆ ಮೂರು ನಿಮಿಷದಲ್ಲೇ ಹಿಂಡಿ ಕೊಟ್ಟರು. ವಿನೈಲ್‌ನ ಎಲ್‌ಪಿ ಬಂದದ್ದು 1948ರಲ್ಲಿ. ಅದರ ವೇಗ 33⅓ ಸುತ್ತು, ಮಗ್ಗುಲಿಗೆ 20 ನಿಮಿಷದ ಮೇಲೆ. ವಿಲಂಬಿತ ಖಯಾಲಿಗೆ ಉಸಿರಾಡಲು ಜಾಗ ಸಿಕ್ಕಿದ್ದು ಆಮೇಲೆ.

ತಪ್ಪು ಕಲ್ಪನೆ: ಸ್ಪಿರಿಟ್ ಹಚ್ಚಿ ಒರೆಸಿದರೆ ಯಾವ ರೆಕಾರ್ಡಾದರೂ ಹೊಳೆಯುತ್ತದೆ.
ಸತ್ಯ: ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, 78ರ ತಟ್ಟೆಗೆ ಅದು ತಾಗಲೇಬಾರದು. ಎಲ್‌ಪಿಗೆ ಡಿಸ್ಟಿಲ್ಡ್ ವಾಟರ್, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಬಟ್ಟೆ ಸಾಕು. ಗೆರೆಗಳ ಸುತ್ತಿನಲ್ಲೇ ಒರೆಸಿ, ನಡುವಿನ ಲೇಬಲ್ ನೆನೆಯದಿರಲಿ.

ತಪ್ಪು ಕಲ್ಪನೆ: ಸಮುದ್ರದ ಹವೆಯಲ್ಲಿ ರೆಕಾರ್ಡು ಉಳಿಯದು.
ಸತ್ಯ: ವಿನೈಲ್ ನೀರು ಹೀರುವುದಿಲ್ಲ, ಹೀರುವುದು ಕಾಗದದ ಕವರು. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಬೂಷ್ಟು ಮೊದಲು ಹಿಡಿಯುವುದು ಅಲ್ಲಿಗೇ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಗೀರಾದರೆ ಸಣ್ಣ ಗೆರೆ, ಬೂಷ್ಟಾದರೆ ಮಬ್ಬು ಕಲೆ. ಬೂಷ್ಟನ್ನು ತೊಳೆಯಬಹುದು. ಎಷ್ಟೋ ತಟ್ಟೆಗಳ ‘ಚರಚರ’ ಸದ್ದಿಗೆ ಇದೂ ಧೂಳೂ ಕಾರಣ; ಅದು ಹಳೆಯ ಸಂಗೀತದ ಗುಣವಲ್ಲ. ಒಳಕವರನ್ನು ಪಾಲಿಥೀನ್‌ಗೆ ಬದಲಿಸಿ. ಮಳೆ ಹೊಡೆಯುವ ಗೋಡೆಯಿಂದ ದೂರ, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಬೇಸಿಗೆಯಲ್ಲಿ ಹೆಂಚಿನಡಿಯ ಅಟ್ಟ ಕಾಯುತ್ತದೆ. ತಟ್ಟೆ ಅಲ್ಲಿ ಸೊಟ್ಟಗಾಗುತ್ತದೆ.

ತಪ್ಪು ಕಲ್ಪನೆ: ಅಜ್ಜನ ಕಾಲದ ಗ್ರಾಮೊಫೋನಿಗೆ ಎಲ್ಲ ತಟ್ಟೆಯೂ ಆಗುತ್ತದೆ.
ಸತ್ಯ: ಕೀಲಿ ಕೊಡುವ ಪೆಟ್ಟಿಗೆಯ ಭಾರವಾದ ತಲೆ ಎಲ್‌ಪಿಯ ಗೆರೆಯನ್ನು ಒಂದೇ ಸಲಕ್ಕೆ ಕೆರೆದು ಹಾಕುತ್ತದೆ. ಅದು 78ಕ್ಕೆ ಮಾತ್ರ. ಅದರ ಉಕ್ಕಿನ ಮುಳ್ಳನ್ನೂ ಪ್ರತಿ ಮಗ್ಗುಲಿಗೆ ಬದಲಿಸಬೇಕು. ಎಲ್‌ಪಿಗೆ ಸುಮಾರು 2 ಗ್ರಾಂ ಒತ್ತಡದ ಟರ್ನ್‌ಟೇಬಲ್ ಬೇಕು. ಸವೆದ ಮುಳ್ಳು ತಟ್ಟೆಯನ್ನೇ ತಿನ್ನುತ್ತದೆ.

ತಪ್ಪು ಕಲ್ಪನೆ: ರೆಕಾರ್ಡಿನ ಧ್ವನಿಗೆ ಸಿಡಿ ಸಾಟಿಯಲ್ಲ.
ಸತ್ಯ: ಅಳತೆಗೆ ನಿಂತರೆ ಸಿಡಿಯೇ ಮೇಲು, ಅದರಲ್ಲಿ ಗೊರಗೊರ ಕಡಿಮೆ, ಮೆಲುದನಿಗೂ ಏರುದನಿಗೂ ಅಂತರ ಹೆಚ್ಚು. ಆದರೂ 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಹೆಚ್ಚು ಎಲ್‌ಪಿಗಳು ಮಾರಾಟವಾದವು. 1987ರ ನಂತರ ಅದೇ ಮೊದಲು. ರೆಕಾರ್ಡು ಕೊಡುವ ಸುಖ ಕೇಳುವ ರೀತಿಯಲ್ಲಿದೆ: ಬೆರಳಾಡಿಸಿ ಮುಂದಿನ ಹಾಡಿಗೆ ಹಾರುವಂತಿಲ್ಲ, ಒಂದು ಮಗ್ಗುಲು ಮುಗಿಯುವವರೆಗೆ ಕೂತು ಕೇಳಬೇಕು, ಎದ್ದು ಮಗುಚಿ ಹಾಕಬೇಕು. ಗಾಯಕರು ಹಾಡಿದ್ದೂ ಇಂಥ ಕೇಳುಗರಿಗಾಗಿಯೇ.

ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಅಟ್ಟದ ಕಟ್ಟನ್ನು ಕೆಳಗಿಳಿಸಿ. ಅರಗಿನದನ್ನೂ ವಿನೈಲಿನದನ್ನೂ ಬೇರೆ ಮಾಡಿ, ತೊಳೆದು, ನೆಟ್ಟಗಿಡಿ.