ಸಿಡಿಲನ್ನು ನುಂಗುವ ನೆಲ

ಪುಣೆಯಿಂದ ಲೋಣಾವಳೆಗೆ ಸಾಗುವ ಲೋಕಲ್ ಗಾಡಿಯಲ್ಲಿ ಕುಳಿತ ನಮ್ಮವರಿಗೆ ದೇಹೂ ರೋಡ್ ಎಂದೊಡನೆ ಮೊದಲು ನೆನಪಾಗುವವರು ಸಂತ ತುಕಾರಾಮರು. ತರುವಾಯ ಸೈನ್ಯದ ಉಗ್ರಾಣಗಳು. ಬೆಳಕಿನ ಹಾಗೂ ಹೊಗೆಯ ಮದ್ದುಗುಂಡುಗಳನ್ನು ತಯಾರಿಸುವ ಕಾರ್ಖಾನೆಯೊಂದು 1984ರಿಂದ ಇಲ್ಲಿದೆ. ಮದ್ದಿರುವಲ್ಲಿ ಸಿಡಿಲಿನ ಭಯ ಹೊಸದಲ್ಲ. 1769ರಲ್ಲಿ ಇಟಲಿಯ ಬ್ರೆಷಿಯಾ ನಗರದ ಮದ್ದಿನ ಸಂಗ್ರಹಕ್ಕೆ ಸಿಡಿಲೆರಗಿ ಊರಿನ ಒಂದು ಭಾಗವೇ ನೆಲಸಮವಾಯಿತು.

ಛಾವಣಿಯ ಮೇಲಿನ ಸಿಡಿಲು ಸಲಾಕೆಯನ್ನು ಎಲ್ಲರೂ ಕಾಣುವೆವು. ಆದರೆ ಅದು ಹೊತ್ತು ತಂದ ವಿದ್ಯುತ್ತನ್ನು ನುಂಗಬೇಕಾದುದು ಕೆಳಗಿನ ಮಣ್ಣು. ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಪ್ರವಾಹವಿರುತ್ತದೆ. ಅರ್ಥಿಂಗಿನ ರೋಧ 10 ಓಮ್ ಇದ್ದರೆ, ಸ್ಥೂಲ ಲೆಕ್ಕದಲ್ಲಿ, 3 ಲಕ್ಷ ವೋಲ್ಟ್ ಏಳುವುದು. 50 ಓಮ್ ಇದ್ದರೆ 15 ಲಕ್ಷ. ಆಗ ಸಿಡಿಲು ನಾವು ತೋರಿದ ದಾರಿಯನ್ನು ತೊರೆದು ನೆರೆಯ ಕೊಳವೆಗೋ ತಂತಿಗೋ ಹಾರೀತು. ಆದುದರಿಂದಲೇ 10 ಓಮ್ ಮೀರಬಾರದೆಂಬ ವಾಡಿಕೆ.

ಈ ಸೀಮೆಯ ನೆಲ ನಮ್ಮ ವಿಜಾಪುರ, ಕಲಬುರ್ಗಿಗಳ ನೆಲದ ದಾಯಾದಿ: ಮೇಲೆ ಎರೆಮಣ್ಣು, ಅಡಿಯಲ್ಲಿ ಕರಿಯ ಅಗ್ನಿಶಿಲೆ. ತೇವವಿರುವ ಎರೆ ವಿದ್ಯುತ್ತಿಗೆ ಒಳ್ಳೆಯ ಹಾದಿ. ಒಣಗಿದರೋ ಅದು ಕುಗ್ಗಿ, ಬಿರಿದು, ಹೂತಿಟ್ಟ ಸಲಾಕೆಯನ್ನೇ ಬಿಟ್ಟು ಸರಿಯುತ್ತದೆ. ಪುಣೆಯಲ್ಲಿ ಗುಡುಗಿನ ಮಳೆ ಸುರಿಯತೊಡಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ, ನೆಲ ಇನ್ನೂ ಬೆಂದಿರುವಾಗ. ಜುಲೈ ತಿಂಗಳ ಕೆಸರಿನಲ್ಲಿ ರೋಧವನ್ನು ಅಳೆದು ಸಂತೋಷಪಡುವುದು, ಉಂಡೆದ್ದವನ ಹಸಿವನ್ನು ವಿಚಾರಿಸಿದಂತೆ!

ಸಾಮಗ್ರಿಯ ಪರೀಕ್ಷೆಯೂ ಅಷ್ಟೇ ಮುಖ್ಯ. ನಮ್ಮ ಮಿಸ್ತ್ರಿಗಳು ಹಿಂದಿನಿಂದಲೂ ಗುಂಡಿಗೆ ಉಪ್ಪು, ಇದ್ದಿಲು ತುಂಬುತ್ತ ಬಂದವರು. ಉಪ್ಪು ರೋಧವನ್ನು ಇಳಿಸುವುದು ನಿಜ. ಆದರೆ ಮಳೆಗೆ ಕರಗಿ ಹೋಗುವುದು, ಇದ್ದಷ್ಟು ದಿನ ಕಬ್ಬಿಣವನ್ನು ತಿನ್ನುವುದು. ತಾಮ್ರವನ್ನೂ ಸತು ಲೇಪದ ಕಬ್ಬಿಣವನ್ನೂ ಒದ್ದೆ ಮಣ್ಣಿನಲ್ಲಿ ನೇರವಾಗಿ ಬೆಸೆದರೆ ಸವೆಯುವುದು ಬಡ ಕಬ್ಬಿಣವೇ. ತಾಮ್ರ ಲೇಪಿತ ಉಕ್ಕಿನ ಸಲಾಕೆಗೆ 250 ಮೈಕ್ರಾನ್, ಎಂದರೆ ಕಾಲು ಮಿಲಿಮೀಟರು ದಪ್ಪದ ಲೇಪ ಬೇಕು. ಅಗ್ಗದ ಮಾಲಿನಲ್ಲಿ ಬಣ್ಣ ಮಾತ್ರ ತಾಮ್ರದ್ದು; ಅದನ್ನು ಕಣ್ಣಿನಿಂದಲ್ಲ, ಅಳೆಯುವ ಯಂತ್ರದಿಂದಲೇ ಅರಿಯಬೇಕು. ಜೋಡಣೆಯ ಕ್ಲಾಂಪುಗಳನ್ನಂತೂ ಪ್ರಯೋಗಶಾಲೆಯಲ್ಲಿ ಉಪ್ಪಿನ ಮಂಜಿಗೂ ಗಂಧಕದ ಹಬೆಗೂ ಒಡ್ಡಿ, ಮುಪ್ಪು ಬರಿಸಿದ ಬಳಿಕವೇ, ಕೃತಕ ಸಿಡಿಲಿನ 1 ಲಕ್ಷ ಆಂಪಿಯರಿನವರೆಗೂ ಪರೀಕ್ಷಿಸುವರು.

ನಮ್ಮವರ ಹೋಟೆಲುಗಳಲ್ಲಿ ಮದ್ದಿಲ್ಲ, ಆದರೆ ಗ್ರೈಂಡರು, ಫ್ರಿಜ್ಜು, ಒದ್ದೆ ನೆಲದಲ್ಲಿ ನಿಂತ ಹುಡುಗರಿದ್ದಾರೆ. ಅರ್ಥಿಂಗಿನ ವರದಿಯನ್ನು ಯಾರಾದರೂ ನಮ್ಮ ಕೈಗಿತ್ತರೆ ಓಮುಗಳ ಸಂಖ್ಯೆಗೆ ಮೊದಲು ನಾವು ನೋಡುವುದು ಅಳೆದ ತಿಂಗಳನ್ನು.